ಒಂದು ಡಬ್ಬಿಯೋ ಮೂರು ಡಬ್ಬಿಯೋ: ಡೊಂಬಿವಲಿಯ ಹಾಲ್‌ನಲ್ಲಿ ರಿಸೀವರ್ ಮತ್ತು ಬಿಡಿ ಆಂಪ್

"ಹೊಟ್ಟೆ ಗಟ್ಟಿ ಉಂಟು ಮಾರಾಯ್ರೆ, ಮಂಡೆ ಹೋಗಿದೆ."

ಲ್ಯಾಮಿಂಗ್ಟನ್ ರೋಡಿನ ಒಂದು ಮಾಳಿಗೆ ಅಂಗಡಿಯಲ್ಲಿ ನನ್ನ ಹೋಮ್ ಥಿಯೇಟರ್ ರಿಸೀವರ್ ಬಿಚ್ಚಿಟ್ಟು ರಿಪೇರಿಯವರು ಹೇಳಿದ ಮಾತಿದು. ಕಾರ್ಕಳದ ಕಡೆಯವರು. ರಿಸೀವರ್ ಅಂದರೆ ಚಿತ್ರ-ಶಬ್ದದ ಸಿಗ್ನಲ್ ಸಂಭಾಳಿಸುವ ಮಂಡೆ, ಸ್ಪೀಕರ್ ಓಡಿಸುವ ಹೊಟ್ಟೆ ಎರಡೂ ಇರುವ ಒಂದೇ ಡಬ್ಬಿ. ನನ್ನದಕ್ಕೆ ಆರು ವರ್ಷ ಆಗಿತ್ತು. ಸ್ಪೀಕರ್ ಓಡಿಸುವ ಆಂಪ್ಲಿಫೈಯರ್ ಭಾಗಕ್ಕೆ ಏನೂ ಆಗಿರಲಿಲ್ಲ. ಸತ್ತಿದ್ದು ಎಚ್‌ಡಿಎಂಐ ಬೋರ್ಡ್, ಟಿವಿಯ ಕೇಬಲ್ ಸಿಕ್ಕಿಸುವ ಭಾಗ. ಅದು ಈಗ ಸಿಗುವುದಿಲ್ಲವಂತೆ. ಹತ್ತು ಕಿಲೋ ತೂಕದ ಡಬ್ಬಿ ಹೊತ್ತುಕೊಂಡು ಗ್ರಾಂಟ್ ರೋಡಿನಿಂದ ದಾದರ್, ಅಲ್ಲಿ ಸೇತುವೆ ಹತ್ತಿ ಇಳಿದು ಸೆಂಟ್ರಲ್ ಲೈನ್ ಹಿಡಿದು ಡೊಂಬಿವಲಿಗೆ ವಾಪಸ್ ಬಂದೆ. ದಾರಿಯುದ್ದಕ್ಕೂ ಆ ಮಾತೇ ತಲೆಯಲ್ಲಿ.

ಅದೇ ಹೊತ್ತಿಗೆ ಆಫೀಸಿನ ಗೆಳೆಯನಿಗೆ ಹುಬ್ಬಳ್ಳಿಗೆ ವರ್ಗ ಆಯಿತು. ಅವನ ಬಿಡಿ ಸೆಟ್ ನಮ್ಮ ಮನೆಗೆ ಬಂತು: ಸ್ಟೀರಿಯೋ ಇಂಟಿಗ್ರೇಟೆಡ್ ಆಂಪ್ (ವಾಲ್ಯೂಮ್ ನೋಡುವ ಪ್ರೀಆಂಪ್, ಸ್ಪೀಕರ್ ಓಡಿಸುವ ಪವರ್ ಆಂಪ್ ಎರಡೂ ಒಂದರಲ್ಲೇ), ಡಿಜಿಟಲ್ ಸಿಗ್ನಲನ್ನು ಆಂಪ್‌ಗೆ ಅರ್ಥವಾಗುವಂತೆ ಬದಲಿಸುವ ಒಂದು ಡ್ಯಾಕ್, ಒಂದು ಸಿಡಿ ಪ್ಲೇಯರ್. ಪ್ರೀಆಂಪ್, ಪವರ್ ಆಂಪ್ ಬೇರೆಬೇರೆ ಇದ್ದರೇ ಅದು ಬಿಡಿ ಸೆಟ್ ಎನ್ನುವ ಮಡಿವಂತರಿದ್ದಾರೆ. ಇರಲಿ ಬಿಡಿ. ನಾನು ಅಷ್ಟರಲ್ಲಿ 42 ಸಾವಿರ ಕೊಟ್ಟು ಹೊಸ 5.1 ರಿಸೀವರ್ (ಐದು ಸ್ಪೀಕರ್, ಒಂದು ಸಬ್‌ವೂಫರ್‌ಗೆ) ತಂದಿದ್ದೆ. ಎರಡೂವರೆ ತಿಂಗಳು ಎರಡೂ ಒಂದೇ ಹಾಲ್‌ನಲ್ಲಿ, ಒಂದೇ ಜೋಡಿ ಸ್ಪೀಕರ್‌ಗೆ ದುಡಿದವು.

ಮೊದಲು ವಾಟ್ ವಿಷಯ ಮುಗಿಸಿಬಿಡೋಣ, ಅದರಲ್ಲಿ ಸುಮ್ನೆ ಗದ್ದಲ ಜಾಸ್ತಿ. ರಿಸೀವರ್ ಪೆಟ್ಟಿಗೆಯ ಮೇಲೆ 145 ವಾಟ್ ಅಂತ ದಪ್ಪ ಅಕ್ಷರ. ಕೆಳಗೆ ಇರುವೆ ಗಾತ್ರದಲ್ಲಿ: 6 ಓಮ್, ಒಂದೇ ಚಾನೆಲ್, 10% ಡಿಸ್ಟಾರ್ಷನ್, ಅಂದರೆ ದನಿ ಅಷ್ಟು ಕೆಡುವವರೆಗೆ. ಮ್ಯಾನುಯಲ್ ತೆಗೆದರೆ ಎರಡು ಚಾನೆಲ್‌ಗೆ, 8 ಓಮ್‌ನಲ್ಲಿ 80. ಐದೂ ಚಾನೆಲ್ ಒಟ್ಟಿಗೆ ದುಡಿದರೆ ಇನ್ನೂ ಕಡಿಮೆ, ಯಾಕೆಂದರೆ ಎಲ್ಲಕ್ಕೂ ಒಂದೇ ಟ್ರಾನ್ಸ್‌ಫಾರ್ಮರ್. ಗೆಳೆಯನ ಆಂಪ್ ಪ್ರಾಮಾಣಿಕ 100 ವಾಟ್. ಆದರೆ 80ಕ್ಕೂ 100ಕ್ಕೂ ಅಂತರ 1 ಡೆಸಿಬೆಲ್ ಮಾತ್ರ. ನನ್ನ ಸ್ಪೀಕರ್ 1 ವಾಟ್‌ಗೆ 1 ಮೀಟರ್ ದೂರದಲ್ಲಿ 88 ಡೆಸಿಬೆಲ್ ಕೊಡುತ್ತದೆ. ಸೋಫಾ ಇರುವುದು ಒಂಬತ್ತು ಅಡಿ ದೂರದಲ್ಲಿ, ಗೋಡೆಯಾಚೆ ಪಕ್ಕದ ಮನೆಯವರ ದೇವರ ಕೋಣೆ. ಮೂರ್ನಾಲ್ಕು ವಾಟ್ ದಾಟಿದರೆ ಬೆಲ್ ಬಾರಿಸುತ್ತಾರೆ.

ಇನ್ನು ಹಾಡು. ಇಲ್ಲಿ ಬಿಡಿ ಸೆಟ್ ಸಲೀಸಾಗಿ ಗೆಲ್ಲುತ್ತದೆ ಅಂದುಕೊಂಡಿದ್ದೆ. ಮೊದಲ ವಾರ ಗೆದ್ದೇಬಿಟ್ಟಿತ್ತು. ಮಲ್ಲಿಕಾರ್ಜುನ ಮನ್ಸೂರರ ಉಸಿರು ಕೂಡ ಕೇಳುತ್ತದೆ ಅಂತ ಗೆಳೆಯನಿಗೆ ಫೋನ್ ಮಾಡಿ ಹೊಗಳಿದ್ದೂ ಆಯಿತು. ಆಮೇಲೆ ಮೊಬೈಲ್ ಆ್ಯಪ್‌ನಲ್ಲಿ ಅಳೆದೆ. ಬಿಡಿ ಆಂಪ್ 2 ಡೆಸಿಬೆಲ್ ಜೋರಾಗಿ ನುಡಿಯುತ್ತಿತ್ತು! ಸ್ವಲ್ಪ ಜೋರಾಗಿರುವುದು ಕಿವಿಗೆ ಯಾವಾಗಲೂ ಚೆಂದ ಕೇಳುತ್ತದೆ, ಅಂಗಡಿಯವರ ಹಳೇ ಉಪಾಯವೂ ಅದೇ.

ಎರಡರ ವಾಲ್ಯೂಮ್ ಸಮ ಮಾಡಿದೆ. ಸ್ಪೀಕರ್‌ಗೆ ಒಮ್ಮೆ ಇದನ್ನು, ಒಮ್ಮೆ ಅದನ್ನು ಜೋಡಿಸುವ ಸ್ವಿಚ್ ಪೆಟ್ಟಿಗೆಗೆ ನಾನು ಬೆನ್ನು ಹಾಕಿ ಕೂತೆ, ಮಗ ಮನಸ್ಸಿಗೆ ಬಂದ ಹಾಗೆ ಬದಲಾಯಿಸಿದ. ಹತ್ತು ಸಲ. ರಿಸೀವರ್ ಅನ್ನು ದನಿಗೆ ಯಾವ ತಿದ್ದುಪಡಿಯನ್ನೂ ಮಾಡದ ಡೈರೆಕ್ಟ್ ಮೋಡ್‌ನಲ್ಲಿ ಇಟ್ಟಾಗ, ನುಡಿಯುತ್ತಿರುವುದು ಯಾವುದೆಂದು ನಾನು ಸರಿ ಹೇಳಿದ್ದು ಆರು. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು, ಅಲ್ವಾ? ಮಗ ನಕ್ಕ. ನನಗೆ ನಗು ಬರಲಿಲ್ಲ.

ಆಮೇಲೆ ರಿಸೀವರ್‌ನ ರೂಮ್ ಕರೆಕ್ಷನ್, ಅಂದರೆ ಕೋಣೆಗೆ ತಕ್ಕಂತೆ ದನಿ ತಿದ್ದುವ ವ್ಯವಸ್ಥೆ, ಹಾಕಿ ಮತ್ತೆ ಕೂತೆ. ಈಗ ಹತ್ತಕ್ಕೆ ಹತ್ತು. ಕಾರಣ ಆಂಪ್ ಅಲ್ಲ, ನಮ್ಮ ಹಾಲ್. ಅದರ ಉದ್ದ 15 ಅಡಿ, ಅಂದರೆ ಸುಮಾರು 4.6 ಮೀಟರ್. ಶಬ್ದದ ವೇಗ ಸೆಕೆಂಡಿಗೆ 343 ಮೀಟರ್. ಅದನ್ನು ಉದ್ದದ ಎರಡರಷ್ಟರಿಂದ ಭಾಗಿಸಿದರೆ 37 ಹರ್ಟ್ಸ್ ಹತ್ತಿರ ಬರುತ್ತದೆ. ಆ ಸ್ವರ, ಅದರ ದುಪ್ಪಟ್ಟು 75 ಹರ್ಟ್ಸ್, ಇವೆರಡೂ ಎದುರು-ಬದುರು ಗೋಡೆಗಳ ನಡುವೆ ನಿಂತು ಊದಿಕೊಳ್ಳುತ್ತವೆ. ನಮ್ಮ ಸೋಫಾ ಹಿಂದಿನ ಗೋಡೆಗೇ ಒರಗಿದೆ, ಬೇರೆಲ್ಲಿ ಇಡೋಣ? ಊದುವುದು ಅಲ್ಲೇ ಜಾಸ್ತಿ. ತಬಲಾದ ಎಡಗ ಗುಂಯ್ ಅಂದರೆ ಗಾಯಕನ ಅರ್ಧ ದನಿ ಅದರಲ್ಲೇ ಮುಳುಗುತ್ತದೆ. ರಿಸೀವರ್ ಜೊತೆಗೆ ಬಂದ ಮೈಕನ್ನು ಎಂಟು ಜಾಗದಲ್ಲಿಟ್ಟು ಅಳೆದ ಮೇಲೆ ಆ ಊತ ಇಳಿಯಿತು. ಬಿಡಿ ಸೆಟ್‌ನಲ್ಲಿ ಇದಕ್ಕೆ ದಾರಿಯಿಲ್ಲ ಅಂತಲ್ಲ, ರೂಮ್ ಕರೆಕ್ಷನ್ ಇರುವ ಸ್ಟೀರಿಯೋ ಆಂಪ್‌ಗಳೂ ಬರುತ್ತವೆ. ಆದರೆ ಅವುಗಳ ಬೆಲೆ ಕೇಳಿ ನಾನು ಅಂಗಡಿಯಲ್ಲೇ ನೀರು ಕೇಳಿ ಕುಡಿದೆ.

ಸಿನಿಮಾದಲ್ಲಂತೂ ಹೋಲಿಕೆಯೇ ಇಲ್ಲ. ಬಿಡಿ ಸೆಟ್‌ಗೆ ಟಿವಿಯಿಂದ ಆಪ್ಟಿಕಲ್ ಕೇಬಲ್ ಎಳೆದೆ, ಬಂದದ್ದು ಎರಡೇ ಚಾನೆಲ್. ಸರಿಯಾಗಿ ನಡುವೆ ಕೂತವನಿಗೆ ಮಾತು ಪರದೆಯಿಂದಲೇ ಬಂದಂತೆ ಕೇಳುತ್ತದೆ. ಆದರೆ ನಮ್ಮ ಮನೆಯಲ್ಲಿ ನಡುವೆ ಕೂರುವವರು ಯಾರು? ಅವ್ವ ಬಾಗಿಲ ಪಕ್ಕದ ದಿವಾನದ ಮೇಲೆ ಕೂರುತ್ತಾಳೆ. ಅವಳಿಗೆ ನಾಯಕ, ನಾಯಕಿ, ಖಳನಾಯಕ ಎಲ್ಲರೂ ಬಲಗಡೆ ಸ್ಪೀಕರ್‌ನಿಂದಲೇ ಮಾತಾಡುತ್ತಿದ್ದರು. ರಿಸೀವರ್‌ನ ಸೆಂಟರ್ ಸ್ಪೀಕರ್ ಮಾತನ್ನು ಪರದೆಗೆ ಕಟ್ಟಿಹಾಕುತ್ತದೆ, ನೀವು ಎಲ್ಲೇ ಕೂತಿರಿ.

ಇನ್ನು ರಿಮೋಟ್. ಬಿಡಿ ಸೆಟ್‌ಗೆ ಟಿವಿಯದೊಂದು, ಡ್ಯಾಕ್‌ನದೊಂದು, ಆಂಪ್‌ನದೊಂದು. ಒಂದು ಸಂಜೆ ನಾನು ಬರುವಷ್ಟರಲ್ಲಿ ಅವ್ವ ಮೂರನ್ನೂ ಮಡಿಲಲ್ಲಿ ಇಟ್ಟುಕೊಂಡು ಸುಮ್ಮನೆ ಕೂತಿದ್ದಳು. "ಯಾವುದರಾಗ ಏನೈತೋ ತಿಳೀವಲ್ದಪ್ಪಾ, ಧಾರಾವಾಹಿ ಮುಗೀತು" ಎಂದಳು. ರಿಸೀವರ್ ಆದರೆ ಟಿವಿಯ ಶಬ್ದವನ್ನು ಅದೇ ಕೇಬಲ್‌ನಲ್ಲಿ ವಾಪಸ್ ಕಳಿಸುವ ಎಚ್‌ಡಿಎಂಐನ ಆರ್ಕ್ ಕಿಂಡಿಗೆ ಸಿಕ್ಕಿಸಿದರೆ ಸಾಕು, ಟಿವಿ ಹಾಕಿದ ಕೂಡಲೇ ಅದೂ ಏಳುತ್ತದೆ, ಟಿವಿ ರಿಮೋಟೇ ವಾಲ್ಯೂಮ್ ನೋಡಿಕೊಳ್ಳುತ್ತದೆ. ಆ ಸಂಜೆಯೇ ಬಿಡಿ ಸೆಟ್ ಟಿವಿಯ ಸಂಬಂಧ ಕಡಿದುಕೊಂಡಿತು.

ಹಾಗಾದರೆ ರಿಸೀವರ್ ಒಂದೇ ಸಾಕೇ? ಕಾರ್ಕಳದವರ ಮಾತು ಚುಚ್ಚುವುದು ಇಲ್ಲೇ. ರಿಸೀವರ್‌ನ ಮಂಡೆಗೆ ಆಯುಸ್ಸು ಕಡಿಮೆ. 4ಕೆ ಬಂದಾಗ ಎಚ್‌ಡಿಸಿಪಿ 2.2 ಎಂಬ ನಕಲು ತಡೆಯುವ ಬೀಗ ಇಲ್ಲದ ರಿಸೀವರ್‌ಗಳು ಆ ಚಿತ್ರವನ್ನು ಟಿವಿಗೆ ದಾಟಿಸಲಾರದೆ ಮೂಲೆ ಸೇರಿದವು. 2012ರಲ್ಲಿ ತಲೆಯ ಮೇಲಿನಿಂದಲೂ ಶಬ್ದ ಕೇಳಿಸುವ ಡಾಲ್ಬಿ ಆಟ್ಮಾಸ್ ಚಿತ್ರಮಂದಿರಕ್ಕೆ ಬಂತು, ಎರಡು ವರ್ಷದಲ್ಲಿ ಮನೆಗೂ ಇಳಿಯಿತು, ಆಗ ಇನ್ನೊಂದು ಸುತ್ತು. ಆಂಪ್‌ಗೆ ಈ ಕಾಟವಿಲ್ಲ. ಗೆಳೆಯನದು ಇಪ್ಪತ್ತು ವರ್ಷ ಹಳೆಯದು. ಜುಲೈ ಮಳೆಯ ತೇವಕ್ಕೆ ವಾಲ್ಯೂಮ್ ಗುಬುಟು ಕರಕರ ಅಂದಿತು. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ನಾಲ್ಕು ಸಲ ತಿರುಗಿಸಿದೆ, ಸರಿಹೋಯಿತು. ಅಷ್ಟೇ ಅದರ ವೈದ್ಯ.

ಐದೂ ಚಾನೆಲ್ಲನ್ನು ಬಿಡಿಯಾಗಿ ಕಟ್ಟುವುದು, ಅಂದರೆ ಪ್ರೊಸೆಸರ್ ಬೇರೆ, ಪವರ್ ಆಂಪ್ ಬೇರೆ, ಲಕ್ಷಗಳ ಮಾತು. ಅಲ್ಲೂ ಮಂಡೆ ಮಂಡೆಯೇ, ಹೆಚ್ಚು ದುಡ್ಡು ಕೊಟ್ಟರೂ ಬೇಗ ಮುದಿಯಾಗುತ್ತದೆ. ಅದನ್ನು ನಾನು ಯೋಚಿಸಲೇ ಇಲ್ಲ.

ಕೊನೆಗೆ ಎರಡನ್ನೂ ಜೋಡಿಸಿದೆ. ಗೆಳೆಯ ಆಂಪ್ ಅನ್ನು ನನಗೇ ಮಾರಿದ. ರಿಸೀವರ್‌ನ ಫ್ರಂಟ್ ಪ್ರೀಔಟ್‌ನಿಂದ, ಅಂದರೆ ಬೇರೆ ಆಂಪ್‌ಗೆ ಸಿಗ್ನಲ್ ಕೊಡುವ ಕಿಂಡಿಯಿಂದ, ಅದಕ್ಕೆ ಕೇಬಲ್. ಮುಂದಿನ ಎರಡು ಸ್ಪೀಕರ್ ಆಂಪ್‌ನ ಪಾಲು, ಉಳಿದವು ರಿಸೀವರ್‌ನ ಪಾಲು. ಕೊಳ್ಳುವ ಮೊದಲು ಡಬ್ಬಿಯ ಬೆನ್ನು ನೋಡಿ: ಅಗ್ಗದ ರಿಸೀವರ್‌ಗಳಲ್ಲಿ ಪ್ರೀಔಟ್ ಇರುವುದು ಸಬ್‌ವೂಫರ್‌ಗೆ ಮಾತ್ರ. ಎರಡನೇ ತಕರಾರು ಆಂಪ್ ಕಡೆಯಿಂದ. ಅದರಲ್ಲಿ ಹೋಮ್ ಥಿಯೇಟರ್ ಬೈಪಾಸ್, ಅಂದರೆ ಅದರ ವಾಲ್ಯೂಮ್ ಗುಬುಟನ್ನು ಪಕ್ಕಕ್ಕಿಡುವ ಸೌಲಭ್ಯ, ಇದ್ದರೆ ಆ ಗೊಡವೆ ಇರುವುದಿಲ್ಲ. ನನ್ನದರಲ್ಲಿ ಇಲ್ಲ. ಹಾಗಾಗಿ ಸಿನಿಮಾಕ್ಕೆ ಗುಬುಟು ಪ್ರತಿ ಸಲ ಅದೇ ಜಾಗದಲ್ಲಿ ನಿಲ್ಲಬೇಕು, ಇಲ್ಲವಾದರೆ ಮೈಕ್ ಇಟ್ಟು ಅಳೆದ ಲೆಕ್ಕವೆಲ್ಲ ತಪ್ಪುತ್ತದೆ.

ಹೆಂಡತಿ ತನ್ನ ಟಿಕ್ಲಿ ಪಾಕೀಟಿನಿಂದ ಒಂದು ಕೆಂಪು ಟಿಕ್ಲಿ ಕಿತ್ತು ಆ ಜಾಗಕ್ಕೆ ಅಂಟಿಸಿದಳು. ಮಳೆಗಾಲದ ತೇವಕ್ಕೆ ಅದು ಎರಡು ಸಲ ಉದುರಿತು. ಈಗ ಅಲ್ಲಿ ನೇಲ್ ಪಾಲಿಶ್ ಚುಕ್ಕೆ ಇದೆ.