ಕಿಟ್ಟೋ, ಬಿಡಿ ಭಾಗಗಳೋ, ಚಪಾತಿ ಹಿಟ್ಟೋ?

ಡೊಂಬಿವಲಿಯ ನಮ್ಮ ಮನೆಯಲ್ಲಿ ಆರು ವರ್ಷದ ಮಗಳಿಗೆ ವಿದ್ಯುತ್ ಸರ್ಕಿಟ್ ಎಂದರೇನೆಂದು ತೋರಿಸಲು ಮೂರನ್ನೂ ಆಡಿ ನೋಡಿದ್ದೇವೆ.

ಅಂಗಿಯ ಒತ್ತುಗುಂಡಿಯಂತೆ ಭಾಗಗಳನ್ನು ಒತ್ತಿ ಕೂಡಿಸುವ ಸರ್ಕಿಟ್ ಕಿಟ್ ಅಚ್ಚುಕಟ್ಟು; ತಂತಿ ಸುಲಿಯುವ ಗೋಜಿಲ್ಲ, ಮೊದಲ ದಿನವೇ ಪುಟ್ಟ ಫ್ಯಾನು ತಿರುಗುತ್ತದೆ. ಬೆಲೆ ಮಾತ್ರ ಹೆಚ್ಚು. ಮಗು ಚಿತ್ರ ನೋಡಿ ಜೋಡಿಸುತ್ತದೆ, ಏಕೆಂದು ಕೇಳುವುದಿಲ್ಲ.

ಮುಂಬಯಿಯ ಗ್ರ್ಯಾಂಟ್ ರೋಡ್ ಸ್ಟೇಷನ್ನಿನ ಹತ್ತಿರದ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಎಲ್‌ಇಡಿ, ಕರೆಂಟಿನ ಹರಿವು ತಗ್ಗಿಸುವ ರೆಸಿಸ್ಟರ್, ಸ್ವಿಚ್ಚು ಬಿಡಿಯಾಗಿ ಅಗ್ಗಕ್ಕೆ ಸಿಗುತ್ತವೆ. (ಭಾನುವಾರ ಹೋಗಿ ಮುಚ್ಚಿದ ಷಟರ್‌ಗಳ ದರ್ಶನ ಪಡೆದು ಬಂದವನು ನಾನು.) 9 ವೋಲ್ಟ್ ಬ್ಯಾಟರಿಗೆ ಕೆಂಪು ಎಲ್‌ಇಡಿಯನ್ನು ನೇರವಾಗಿ ತಗುಲಿಸಿದರೆ ಸುಟ್ಟುಹೋಗುತ್ತದೆ, ನಡುವೆ 470 ಓಮ್ ರೆಸಿಸ್ಟರ್ ಇಟ್ಟರೆ ಸುಮಾರು 15 ಮಿಲಿಆಂಪಿಯರ್ ಹರಿದು ನೆಮ್ಮದಿಯಾಗಿ ಬೆಳಗುತ್ತದೆ. ಎಂಟೊಂಬತ್ತು ವರ್ಷದ ಮಕ್ಕಳಿಗೆ ಇದೇ ಸರಿ. ಗುಂಡಿ ಸೆಲ್ಲನ್ನಂತೂ ಪುಟ್ಟ ಮಕ್ಕಳ ಕೈಗೆ ಕೊಡಲೇಬೇಡಿ. ನುಂಗಿದರೆ ಎರಡೇ ಗಂಟೆಗಳಲ್ಲಿ ಅನ್ನನಾಳವನ್ನು ಸುಡಬಲ್ಲದು.

ಆರರ ಒಳಗಿನವರಿಗೆ ನನ್ನ ಮತ ಹಿಟ್ಟಿಗೆ. ಚಪಾತಿ ಹಿಟ್ಟಿಗೆ ಧಾರಾಳವಾಗಿ ಉಪ್ಪು ಹಾಕಿ ಎರಡು ಉಂಡೆ ಮಾಡಿ, ಸಾಲಾಗಿ ಜೋಡಿಸಿದ ನಾಲ್ಕು ಪೆನ್ಸಿಲ್ ಸೆಲ್ಲುಗಳ ಎರಡು ತಂತಿಗಳನ್ನು ಒಂದೊಂದಕ್ಕೆ ಚುಚ್ಚಿ. ಎಲ್‌ಇಡಿಯ ಉದ್ದನೆಯ ಕಾಲು ಧನ (+) ತಂತಿಯ ಉಂಡೆಗೆ, ಗಿಡ್ಡ ಕಾಲು ಇನ್ನೊಂದಕ್ಕೆ. ಹಿಟ್ಟೇ ರೆಸಿಸ್ಟರಿನ ಕೆಲಸ ಮಾಡುತ್ತದೆ. ಉಂಡೆಗಳು ಒಂದಕ್ಕೊಂದು ತಾಗಿದೊಡನೆ ದೀಪ ಆರಿತು. "ಅಪ್ಪಾ, ಕರೆಂಟು ಅಡ್ಡದಾರಿ ಹಿಡಿಯಿತು!" ಎಂದಳು ಮಗಳು. ಶಾರ್ಟ್ ಸರ್ಕಿಟ್‌ಗೆ ಇದಕ್ಕಿಂತ ಒಳ್ಳೆಯ ಕನ್ನಡ ನನಗೆ ಹೊಳೆದಿಲ್ಲ. ಆಟ ಮುಗಿದ ಮೇಲೆ ಎಲ್‌ಇಡಿಯ ಕಾಲುಗಳನ್ನು ಒರೆಸಿಡಿ, ಉಪ್ಪಿಗೆ ತುಕ್ಕು ಹಿಡಿಯುತ್ತದೆ.