ಯಶವಂತಪುರದವರೆಗೂ ತಾಳಿದ ಆಲ್ಬಂಗಳು: ಒಂದು ವರ್ಷ ಬಳಸಿದ ಮೇಲೆ

ತುಮಕೂರಿನಿಂದ ಯಶವಂತಪುರಕ್ಕೆ ನಮ್ಮ ಟ್ರೈನ್ ನೆಟ್ಟಗೆ ಓಡಿದರೆ ಒಂದೂಕಾಲು ಗಂಟೆ. ಎಕ್ಸ್‌ಪ್ರೆಸ್‌ಗೆ ದಾರಿ ಬಿಡೋಕೆ ದೊಡ್ಡಬೆಲೆಯಲ್ಲೋ ಸೋಲದೇವನಹಳ್ಳಿಯಲ್ಲೋ ನಿಲ್ಲಿಸಿದರೆ ಒಂದೂವರೆ, ಒಂದೂಮುಕ್ಕಾಲು. ಹೋಗುವಾಗ ಒಂದು ಆಲ್ಬಂ, ಬರುವಾಗ ಒಂದು. ಮೊದಲ ಹಾಡಿನಿಂದ ಕೊನೇ ಹಾಡಿನವರೆಗೆ, ಹಾರಿಸದೆ, ಶಫಲ್ ಒತ್ತದೆ. 2025ರ ಜನವರಿಯಿಂದ ಡಿಸೆಂಬರ್‌ವರೆಗೆ ಹೀಗೇ ಕೇಳಿದೆ. ಸೀಟು ಸಿಕ್ಕ ದಿನ ಕೂತು, ಸಿಗದ ದಿನ ಬಾಗಿಲ ಹತ್ತಿರ ನಿಂತು.

ಹಾಗಾಗಿ ಇಲ್ಲಿ ಹೇಳುವವೆಲ್ಲ ಈ ವರ್ಷ ಬಿಡುಗಡೆಯಾದ ಆಲ್ಬಂಗಳಲ್ಲ. ನನ್ನ ಕೈಗೆ ಈ ವರ್ಷ ಬಂದು, ಹತ್ತು ಹದಿನೈದು ಸಲ ಕೇಳಿದ ಮೇಲೂ ಬೇಜಾರಾಗದೆ ಉಳಿದವು. ಸ್ಕೂಟರ್ ಬಗ್ಗೆ ಷೋರೂಮಿನಿಂದ ಹೊರಗೆ ಬಂದ ದಿನ ಬರೆಯೋದು ಬೇರೆ, ಮೂರನೇ ಸರ್ವೀಸ್ ಮುಗಿಸಿ ಬರೆಯೋದು ಬೇರೆ. ಇದು ಮೂರನೇ ಸರ್ವೀಸಿನ ನಂತರದ್ದು.

ಸಾಮಾನು ಸರಂಜಾಮು ಇಷ್ಟೇ: ಮೂರು ವರ್ಷದ ಹಳೇ ಫೋನು, ತಂತಿಯ ಇಯರ್‌ಫೋನು, ದುಡ್ಡು ಕೊಟ್ಟು ತಗೊಂಡ ಒಂದು ಮ್ಯೂಸಿಕ್ ಆ್ಯಪ್. ಆ್ಯಪ್ ಹೆಸರು ಬೇಡ. ಅದಕ್ಕೆ ಬೈಯೋದು ಸ್ವಲ್ಪ ಇದೆ, ಮುಂದೆ ಬರುತ್ತೆ.

ಶುರುವಾಗಿದ್ದು ಝಾಕಿರ್ ಹುಸೇನ್ ಅವರಿಂದ. 2024ರ ಡಿಸೆಂಬರ್ 15ರಂದು ಅವರು ತೀರಿಕೊಂಡರು. ಆಮೇಲೆ ಒಂದು ವಾರ ನನ್ನ ಫೋನಿನ ತುಂಬ ಅವರ ತಬಲಾ ತುಣುಕುಗಳು. ಎಲ್ಲವೂ ಮೂವತ್ತು ಸೆಕೆಂಡು, ನಲವತ್ತು ಸೆಕೆಂಡು. ಕೂದಲು ಹಾರುತ್ತೆ, ಬೆರಳು ಕಾಣಲ್ಲ, ಚಪ್ಪಾಳೆ, ಮುಗೀತು. ನಾನೂ ನಾಲ್ಕು ಜನಕ್ಕೆ ಕಳಿಸಿದೆ. ಆಮೇಲೆ ಯೋಚಿಸಿದರೆ, ಅವರ ಒಂದು ಇಡೀ ಆಲ್ಬಂ ಕೂತು ಕೇಳಿ ಎಷ್ಟು ವರ್ಷವಾಯಿತು ಅಂತ ನನಗೇ ನೆನಪಿಲ್ಲ.

ಹಾಗೆ ಜನವರಿಯಲ್ಲಿ ಹಾಕಿದ್ದು ನಮ್ಮ ಸಂಗೀತಕ್ಕೆ ಜಾಝ್ ಬೆರೆಸುವ ಶಕ್ತಿ ತಂಡದ 'ದಿಸ್ ಮೊಮೆಂಟ್'. 2023ರದ್ದು. ಜಾನ್ ಮೆಕ್‌ಲಾಫ್ಲಿನ್ ಗಿಟಾರ್, ಝಾಕಿರ್ ತಬಲಾ, ಶಂಕರ್ ಮಹಾದೇವನ್ ಗಾಯನ, ಗಣೇಶ್ ರಾಜಗೋಪಾಲನ್ ಪಿಟೀಲು, ಸೆಲ್ವಗಣೇಶ್ ಖಂಜಿರ. 1977ರ ನಂತರ ಶಕ್ತಿ ಹೆಸರಲ್ಲಿ ಬಂದ ಮೊದಲ ಸ್ಟುಡಿಯೋ ಆಲ್ಬಂ. 2024ರ ಫೆಬ್ರವರಿಯಲ್ಲಿ ಗ್ರ್ಯಾಮಿ ಬಂತು. ಸೆಲ್ವಗಣೇಶ್ ಅವರ ತಂದೆ ವಿಕ್ಕು ವಿನಾಯಕ್‌ರಾಮ್ ಆಗಿನ ಶಕ್ತಿಯಲ್ಲಿ ಘಟ ನುಡಿಸಿದವರು. ಇದರಲ್ಲಿ 'ಗಿರಿರಾಜ ಸುತ' ಇದೆ, ತ್ಯಾಗರಾಜರ ಬಂಗಾಳ ರಾಗದ ಕೃತಿ. ನಮ್ಮ ಅಕ್ಕನ ಮಗಳು ಸಂಗೀತದ ಕ್ಲಾಸಿಗೆ ಅದನ್ನೇ ಉರು ಹೊಡೆಯುತ್ತಿದ್ದಳು. ಇಲ್ಲಿ ಕೇಳಿಸಿದರೆ, "ಮಾಮ, ಇವರು ನಮ್ಮ ಮಿಸ್ ಹೇಳಿದ ಹಾಗೆ ಹಾಡ್ತಿಲ್ಲ" ಅಂದಳು. ನಿಜ ಬಿಡಿ.

ಬಳಕೆಯ ಅನುಭವ ಅಂದರೆ ಇದು: ಟ್ರೈನಿನಲ್ಲಿ ಈ ಆಲ್ಬಂ ಅರ್ಧ ನಷ್ಟ. ಚಕ್ರದ ಗಡಗಡದಲ್ಲಿ ಮೊದಲು ಮುಳುಗೋದು ತಗ್ಗು ದನಿಗಳು. ಝಾಕಿರ್ ಅವರ ಎಡಗೈ, ಆ ಡಗ್ಗಾದ (ತಬಲಾ ಜೋಡಿಯಲ್ಲಿ ಎಡಗಡೆಯದ್ದು) 'ಗುಂ' ಅಂತ ಜಾರುವ ಸದ್ದು, ಕ್ಯಾತ್ಸಂದ್ರ ದಾಟುವಷ್ಟರಲ್ಲಿ ಮಾಯ. ಬಲಗೈಯ ಟಿಕಿಟಿಕಿ ಮಾತ್ರ ಉಳಿಯುತ್ತೆ. ವಾಲ್ಯೂಮ್ ಏರಿಸಿದರೆ ಕಿವಿ ನೋವು. ಟ್ರೈನು ನಿಲ್ಲಿಸಿದಾಗ ಬೈಕೊಳ್ಳೋದನ್ನ ನಾನು ಬಿಟ್ಟಿದ್ದು ಆಗಲೇ. ದೊಡ್ಡಬೆಲೆಯಲ್ಲಿ ಹತ್ತು ನಿಮಿಷ ನಿಂತರೆ ಎಡಗೈ ವಾಪಸ್ ಬರುತ್ತಿತ್ತು.

ಎರಡನೆಯದು ವಾರಿಜಶ್ರೀ ವೇಣುಗೋಪಾಲ್ ಅವರ 'ವಾರಿ', 2024ರದ್ದು. ಬೆಂಗಳೂರಿನವರು. ಕೊಳಲೂ ನುಡಿಸುತ್ತಾರೆ, ಹಾಡುತ್ತಾರೆ. ಕಲಿಕೆ ಕರ್ನಾಟಕ ಸಂಗೀತದ್ದು, ಓಡಾಟ ಜಾಝ್ ಕಡೆ. ನಿರ್ಮಾಣ ಅಮೆರಿಕದ ಸ್ನಾರ್ಕಿ ಪಪ್ಪಿ ಅನ್ನೋ ಜಾಝ್ ತಂಡದ ಮೈಕಲ್ ಲೀಗ್ ಅವರದ್ದು. ಫೆಬ್ರವರಿಯಲ್ಲಿ ಮೊದಲ ಸಲ ಕೇಳಿದಾಗ ನನಗೆ ಅಷ್ಟಕ್ಕಷ್ಟೇ ಅನ್ನಿಸಿತು. ಏನೋ ಖಾಲಿ ಖಾಲಿ. ಹಾಡು ಅರ್ಧಕ್ಕೆ ಬಿಟ್ಟ ಹಾಗೆ. ಗೆಳೆಯರ ಹತ್ತಿರ ದೊಡ್ಡದಾಗಿ ಹೇಳಿಯೂ ಬಿಟ್ಟೆ, "ಹೊರದೇಶದವರು ಸೇರಿಸಿಕೊಂಡು ಸುಮ್ನೆ ಹೈಪ್ ಮಾಡ್ತಾರೆ" ಅಂತ.

ಮೂರು ವಾರ ಆದಮೇಲೆ ತುಮಕೂರಿನ ಎಂ.ಜಿ. ರೋಡಿನ ಮೊಬೈಲ್ ಅಂಗಡಿಗೆ ಚಾರ್ಜರ್ ತರೋಕೆ ಹೋಗಿದ್ದೆ. ಆ ಹುಡುಗ ನನ್ನ ಇಯರ್‌ಫೋನನ್ನು ಹಾಗೇ ಕಿವಿಗೆ ಇಟ್ಟುಕೊಂಡು ನೋಡಿ, "ಅಣ್ಣ, ಲೆಫ್ಟ್ ಹೋಗಿದೆಯಲ್ಲ, ಗೊತ್ತಾಗಲಿಲ್ವಾ?" ಅಂದ. ಗೊತ್ತಾಗಿರಲಿಲ್ಲ. ಟ್ರೈನಿನ ಗಲಾಟೆಯಲ್ಲಿ ಎಡಗಿವಿಗೆ ಏನೋ ಒಂದು ಸದ್ದು ಬೀಳುತ್ತಲೇ ಇರುತ್ತೆ. ಅಷ್ಟು ದಿನ ನಾನು ಕೇಳಿದ್ದು ಬಲಗಡೆಯ ಆಲ್ಬಂ ಮಾತ್ರ.

ಹೊಸದು ತಗೊಂಡು ಅಲ್ಲೇ ಟೌನ್‌ಹಾಲ್ ಸರ್ಕಲ್ ಹತ್ತಿರ ನಿಂತು ಮತ್ತೆ ಹಾಕಿದೆ. ತಲೆಯ ಇನ್ನೊಂದು ಪಕ್ಕದಿಂದ ಜನ ಎದ್ದು ಬಂದ ಹಾಗಾಯಿತು. ಗಂಟಲು ಒಂದು ಕಡೆ ಓಡಿದರೆ ಇನ್ನೊಂದು ಕಡೆಯಿಂದ ವಾದ್ಯ ಅದನ್ನು ಹಿಡಿಯುತ್ತೆ, ಬಿಡುತ್ತೆ. ಎರಡು ಬಸ್ಸು ಬಿಟ್ಟೆ. ಈ ವರ್ಷ ನಾನು ಅತಿ ಹೆಚ್ಚು ಸಲ ಕೇಳಿದ ಆಲ್ಬಂ ಇದೇ. ಗೆಳೆಯರಿಗೆ ಮಾತ್ರ ಇಯರ್‌ಫೋನಿನ ವಿಷಯ ಇನ್ನೂ ಹೇಳಿಲ್ಲ. (ನಿಮಗೂ ಒಂದು ಕಿವಿ ಹೋದರೆ, ಹೊಸದು ತಗೊಳ್ಳೋವರೆಗೆ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಮೋನೋ ಆಡಿಯೋ ಆನ್ ಮಾಡಿ. ಎರಡೂ ಕಡೆಯದು ಒಂದೇ ಕಿವಿಗೆ ಬರುತ್ತೆ.)

ಸಿನಿಮಾ ಹಾಡಿನಲ್ಲಿ ಉಳಿದಿದ್ದು 'ಸಪ್ತ ಸಾಗರದಾಚೆ ಎಲ್ಲೋ'. ಚರಣ್ ರಾಜ್ ಸಂಗೀತ. ನಿರ್ದೇಶಕ ಹೇಮಂತ್ ರಾವ್ ಕಥೆಯನ್ನು ಎರಡು ಸಿನಿಮಾ ಮಾಡಿ ಕ್ಯಾಸೆಟ್ಟಿನ ಹಾಗೆ ಸೈಡ್ ಎ, ಸೈಡ್ ಬಿ ಅಂತಲೇ ಹೆಸರಿಟ್ಟರು. ಎ ಬಂದಿದ್ದು 2023ರ ಸೆಪ್ಟೆಂಬರ್ 1ಕ್ಕೆ, ಬಿ ಬಂದಿದ್ದು ನವೆಂಬರ್ 17ಕ್ಕೆ. ನಾನು ಬೆಳಿಗ್ಗೆ ಎ ಕೇಳಿ ಸಂಜೆ ಬಿ ಕೇಳುತ್ತಿದ್ದೆ. ಆಫೀಸಿನ ಒಂಬತ್ತು ಗಂಟೆ ಅಂದರೆ ಕ್ಯಾಸೆಟ್ ತಿರುಗಿಸಿ ಹಾಕೋ ಹೊತ್ತು. ಒಂದೊಂದೇ ಹಾಡು ಕೇಳಿದರೆ ಇವು ನಿಧಾನ ಅನ್ನಿಸಬಹುದು. ಸಾಲಾಗಿ ಕೇಳಿದರೆ ಒಂದರ ದುಃಖ ಇನ್ನೊಂದಕ್ಕೆ ಹರಿಯುತ್ತೆ. ಮಳೆಗಾಲದಲ್ಲಿ ಕೇಳಬೇಡಿ, ಕೆಲಸ ಕೆಡುತ್ತೆ.

ಈಗ ಬೈಗುಳ. ಈ ಸಿನಿಮಾದ ಹೆಸರು ಗೋಪಾಲಕೃಷ್ಣ ಅಡಿಗರ 'ಯಾವ ಮೋಹನ ಮುರಳಿ' ಕವಿತೆಯ ಸಾಲಿನಿಂದ ಬಂದದ್ದು. ಅದೇ ಕವಿತೆ 'ಅಮೆರಿಕ ಅಮೆರಿಕ' ಸಿನಿಮಾದಲ್ಲಿ ಮನೋಮೂರ್ತಿ ಸಂಗೀತದಲ್ಲಿ ಹಾಡಾಗಿತ್ತು, ರಾಜು ಅನಂತಸ್ವಾಮಿ ದನಿಯಲ್ಲಿ ಮನೆಮನೆಗೆ ಹೋಗಿತ್ತು. ನನ್ನ ಆ್ಯಪ್‌ನಲ್ಲಿ ಆ ಹಾಡು ತೆಗೆದರೆ ಅಡಿಗರ ಹೆಸರೇ ಇಲ್ಲ. ಭಾವಗೀತೆಗಳದ್ದೂ ಇದೇ ಕಥೆ. ಹಾಡಿದವರ ಫೋಟೋ ಇದೆ, ಕಂಪನಿ ಹೆಸರಿದೆ, ಕವಿ ಎಲ್ಲೂ ಇಲ್ಲ. ಬೇಂದ್ರೆ ಬರೆದದ್ದೋ ಕೆ.ಎಸ್.ನ. ಬರೆದದ್ದೋ ಗೊತ್ತಿದ್ದವರಿಗೆ ಗೊತ್ತು. ತಿಂಗಳು ತಿಂಗಳು ದುಡ್ಡು ಕೊಡ್ತೀವಲ್ವಾ, ಒಂದು ಸಾಲು ಹಾಕೋಕೆ ಏನು ಕಷ್ಟ? ದೂರು ಬರೆದೆ. "ನಿಮ್ಮ ಅಭಿಪ್ರಾಯ ನಮಗೆ ಮುಖ್ಯ" ಅಂತ ಉತ್ತರ ಬಂತು, ಹಾಡಿನ ಪುಟ ಹಾಗೇ ಇದೆ.

ಇನ್ನೊಂದು. ನಮ್ಮದು ಗುಬ್ಬಿ ಕಡೆಯ ಮನೆತನ. 1884ರಲ್ಲಿ ಶುರುವಾದ ಗುಬ್ಬಿ ನಾಟಕ ಕಂಪನಿಯ ರಂಗಗೀತೆಗಳು ಸಿಗಬಹುದಾ ಅಂತ ಆ್ಯಪ್‌ನಲ್ಲಿ 'ಗುಬ್ಬಿ' ಅಂತ ಹುಡುಕಿದೆ. ಬಂದದ್ದು ಸಾಲಾಗಿ ಶಿಶುಗೀತೆಗಳು, ಗುಬ್ಬಚ್ಚಿ ಗೂಡು, ಗುಬ್ಬಚ್ಚಿ ಮರಿ. ಗುಬ್ಬಿ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ಅವರ ಹೆಸರು ಹಾಕಿ ಹುಡುಕಿದ ಮೇಲೆ ಒಂದಷ್ಟು ಬಿಡಿ ಹಾಡು ಸಿಕ್ಕವು. ಆ ದನಿಗೆ ಟ್ರೈನಿನ ಗಲಾಟೆ ಯಾವ ಲೆಕ್ಕ!

ಸಂಜೆ ವಾಪಸ್ ಬರುವಾಗ ಜಾಸ್ತಿ ಕೇಳಿದ್ದು ಪಾಕಿಸ್ತಾನ ಮೂಲದ ಗಾಯಕಿ ಅರೂಜ್ ಆಫ್ತಾಬ್ ಅವರ 'ವಲ್ಚರ್ ಪ್ರಿನ್ಸ್'. 2021ರದ್ದು, ಬಹುಪಾಲು ಉರ್ದು. ಅದರ 'ಮೊಹಬ್ಬತ್' ಹಾಡಿಗೆ 2022ರಲ್ಲಿ ಗ್ರ್ಯಾಮಿ ಬಂತು. ಅರೂಜ್ ಅವರ ತಮ್ಮ ತೀರಿಕೊಂಡ ನೋವಿನ ಆಲ್ಬಂ. ಬಹುತೇಕ ಕಡೆ ತಾಳವಾದ್ಯ ಹಿಂದೆ ಸರಿದು, ಹಾರ್ಪ್ ತಂತಿ, ಗಿಟಾರು, ಒಂದು ದನಿ ಉಳಿಯುತ್ತೆ. ನಮ್ಮ ಬೋಗಿಯಲ್ಲಿ ದಿನಾ ಬರುವ ಹಿರಿಯರೊಬ್ಬರಿದ್ದಾರೆ, ಎಲ್ಲರೂ ಚಾಚಾ ಅನ್ನೋದು. ಒಂದು ದಿನ ಇಯರ್‌ಫೋನಿನ ಒಂದು ಕಡೆ ಅವರಿಗೆ ಕೊಟ್ಟೆ. ಕಣ್ಣು ಮುಚ್ಚಿ ಕೇಳಿದರು. "ಇದು ಮೆಹದಿ ಹಸನ್ ಸಾಬ್ ಹಾಡಿದ್ದಲ್ವೇನಪ್ಪಾ?" ಅಂದರು. ಹೌದು, ಹಫೀಜ್ ಹೋಶಿಯಾರ್‌ಪುರಿ ಬರೆದ ಅದೇ ಗಜಲ್. "ಅವರದ್ದೇ ಚೆನ್ನ" ಅಂತ ತೀರ್ಪು ಕೊಟ್ಟರು. ಆದರೆ ಹಿರೇಹಳ್ಳಿ ದಾಟುವವರೆಗೂ ಇಯರ್‌ಫೋನ್ ವಾಪಸ್ ಕೊಡಲಿಲ್ಲ.

ರಘು ದೀಕ್ಷಿತ್ ಅವರ ಎರಡು ಆಲ್ಬಂ ಬಗ್ಗೆ ಚಿಕ್ಕದಾಗಿ. 2008ರ ಮೊದಲನೆಯದರಲ್ಲಿ ಶಿಶುನಾಳ ಷರೀಫರ 'ಗುಡುಗುಡಿಯ ಸೇದಿ ನೋಡೋ', 2013ರ 'ಜಗ್ ಚಂಗಾ'ದಲ್ಲಿ 'ಲೋಕದ ಕಾಳಜಿ', 'ಕೋಡಗನ ಕೋಳಿ ನುಂಗಿತ್ತ'. ಷರೀಫರು ಬಂದಾಗೆಲ್ಲ ಕಾಲು ತಾನಾಗಿ ಕುಣಿಯುತ್ತೆ, ನಿಂತು ಹೋಗುವ ದಿನಕ್ಕೆ ಇದೇ ಸರಿ. ಹಿಂದಿ, ಇಂಗ್ಲಿಷ್ ಹಾಡು ಬಂದಾಗ ನನ್ನ ಗಮನ ಕಿಟಕಿಗೆ ಹೋಗುತ್ತಿತ್ತು. ನಿಯಮ ಮಾಡಿಕೊಂಡಿದ್ದಕ್ಕೆ ಹಾರಿಸಲಿಲ್ಲ, ಅಷ್ಟೆ.

ತಾಳದೇ ಹೋದವು ಬೇಕಾದಷ್ಟಿವೆ. ಹೀರೋ ಎಂಟ್ರಿ ಹಾಡಿರುವ ನಾಲ್ಕು ಆಲ್ಬಂ ಕೇಳಿದೆ. ಮೊದಲ ದಿನ ಮೈಯೆಲ್ಲ ಜುಂ ಅಂತು, ನಾಲ್ಕನೇ ದಿನಕ್ಕೆ ತಲೆನೋವು. ಹೆಸರು ಹೇಳಿ ಅಭಿಮಾನಿಗಳ ಹತ್ತಿರ ಯಾಕೆ ಬೈಸಿಕೊಳ್ಳಲಿ.

ಕೊನೆಯದು ಮನೆಯದು. 'ನಿತ್ಯೋತ್ಸವ', 1978. ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳು, ಮೈಸೂರು ಅನಂತಸ್ವಾಮಿ ಅವರ ಸಂಗೀತ. ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್ ಅಂತಲೇ ಹೆಸರು. ನಿಸಾರ್ ಅವರು ಭೂವಿಜ್ಞಾನದ ಮೇಷ್ಟ್ರು. ಅನಂತಸ್ವಾಮಿ ಅವರನ್ನ ಹೊಸಬರಿಗೆ ಪರಿಚಯಿಸೋದು ಸುಲಭ: ಸ್ಕೂಲಿನಲ್ಲಿ ಹಾಡುವ ನಾಡಗೀತೆಯ ಧಾಟಿ ಅವರದ್ದೇ, 2022ರಲ್ಲಿ ಸರ್ಕಾರ ಅದನ್ನೇ ಗೊತ್ತು ಮಾಡಿತು.

ಅಪ್ಪನ ಕ್ಯಾಸೆಟ್ ಕೇಳಿಯೇ ನಾನು ಈ ಹಾಡುಗಳನ್ನ ಕಲಿತದ್ದು. ಅಕ್ಟೋಬರಿನಲ್ಲಿ ಆ್ಯಪ್‌ನಲ್ಲಿ ಹಾಕಿದೆ. ಏನೋ ಸರಿಯಿಲ್ಲ. ಶ್ರುತಿ ಮೇಲಿದೆ, ಎಲ್ಲರೂ ಅವಸರದಲ್ಲಿದ್ದಾರೆ. ಮನೆಗೆ ಬಂದು ಅಪ್ಪನಿಗೂ ಕೇಳಿಸಿದೆ. "ಇದೇನೋ ಹಿಂಗೆ ಓಡ್ತಾರೆ? ಇವರಿಗೂ ನಿನ್ ಥರ ಟ್ರೈನ್ ತಪ್ಪುತ್ತಾ?" ಅಂದರು.

ಅವರ ಕ್ಯಾಸೆಟ್ ಡೆಕ್ ಹೊರಗೆ ತೆಗೆದು ಅದೇ ಹಾಡು ಹಾಕಿ, ಫೋನಿನಲ್ಲಿ ಟೈಮ್ ನೋಡಿದೆ. ಆ್ಯಪ್‌ಗಿಂತ ಹನ್ನೊಂದು ಸೆಕೆಂಡು ಜಾಸ್ತಿ. ಕ್ಯಾಸೆಟ್ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು. ನಮ್ಮ ಡೆಕ್ಕಿನ ರಬ್ಬರ್ ಬೆಲ್ಟ್ ಯಾವ ಕಾಲದಲ್ಲೋ ಸಡಿಲವಾಗಿ, ಅದು ನಿಧಾನಕ್ಕೆ ಎಳೆಯುತ್ತಿತ್ತು. ನಿಧಾನವಾದರೆ ಶ್ರುತಿಯೂ ಇಳಿಯುತ್ತೆ. ಅಂದರೆ ಆ್ಯಪ್‌ನಲ್ಲಿರೋದೇ ಸರಿ. ನಮ್ಮ ಮನೆಯವರೆಲ್ಲ ಇಷ್ಟು ವರ್ಷ ಕೇಳಿದ್ದು, ಬಚ್ಚಲಲ್ಲಿ ಹಾಡಿದ್ದು, ಅಕ್ಕನ ಮದುವೆಯಲ್ಲಿ ಮೈಕು ಹಿಡಿದು ಹಾಡಿದ್ದು, ಎಲ್ಲ ಹಾರ್ಮೋನಿಯಂ ಲೆಕ್ಕದಲ್ಲಿ ಅರ್ಧ ಮನೆ ಕೆಳಗಿನ ಶ್ರುತಿಯಲ್ಲಿ.

ಬಿ.ಎಚ್. ರೋಡಿನ ರಿಪೇರಿ ಅಂಗಡಿಯಲ್ಲಿ ಬೆಲ್ಟ್ ಸಿಕ್ಕಿತು, ಅರವತ್ತು ರೂಪಾಯಿ. ಸ್ಕ್ರೂಡ್ರೈವರ್ ಹಿಡಿದು ಡೆಕ್ ಮುಂದೆ ಕೂತೆ. ಅಪ್ಪ ಪೇಪರ್ ಓದುತ್ತಿದ್ದವರು ತಲೆ ಎತ್ತದೆ, "ಚೆನ್ನಾಗಿ ಹಾಡ್ತಿದೆಯಲ್ಲ, ಬಿಡು" ಅಂದರು. ಬೆಲ್ಟ್ ಇನ್ನೂ ಪ್ಯಾಕೆಟ್ಟಿನಲ್ಲೇ ಇದೆ, ಷೋಕೇಸಿನ ಮೇಲೆ.