ಪುಣೆಯ ಚಳಿಗೆ ಎಳೆಗೂಸು: ಹೀಟರ್, ಶೇಗಡಿ, ಕೌದಿ, ಎದೆ

ಮುಂಬೈಯಲ್ಲಿರುವ ನನ್ನ ಅಕ್ಕನಿಗೆ ಕೂಸನ್ನು ಬೆಚ್ಚಗಿಡುವ ಈ ತಲೆನೋವೇ ಇರಲಿಲ್ಲ. ಡಿಸೆಂಬರಿನಲ್ಲೂ ಅವಳ ಮನೆಯಲ್ಲಿ ಫ್ಯಾನ್ ತಿರುಗುತ್ತಿತ್ತು. ಪುಣೆ ಹಾಗಲ್ಲ. ಜನವರಿಯ ರಾತ್ರಿ 10 ಡಿಗ್ರಿಯ ಆಸುಪಾಸು, ಮಧ್ಯಾಹ್ನ 30ರ ಹತ್ತಿರ. ರಾತ್ರಿಗೆ ಸರಿಹೋದದ್ದು ಮಧ್ಯಾಹ್ನಕ್ಕೆ ಜಾಸ್ತಿಯಾಗುತ್ತದೆ. ಹುಟ್ಟಿದ ಕೂಸಿಗೆ ನಮ್ಮ ಹಾಗೆ ನಡುಗಿ ಮೈ ಬಿಸಿ ಮಾಡಿಕೊಳ್ಳಲೂ ಬರುವುದಿಲ್ಲ.

ಹೀಟರ್‌ನಲ್ಲಿ ಎರಡು ಥರ ನೋಡಿದೆ. ಕೆಂಪಗೆ ಕಾಯುವ ರಾಡಿನದು ಅಗ್ಗ. ಆದರೆ ಎದುರಿಗಿದ್ದದ್ದು ಸುಡುತ್ತದೆ, ಮೂಲೆ ತಣ್ಣಗೇ ಇರುತ್ತದೆ. ಎಣ್ಣೆ ತುಂಬಿದ್ದು ದುಬಾರಿ, ಕಾಯುವುದೂ ನಿಧಾನ, ಆದರೆ ಕೋಣೆಯೆಲ್ಲ ಒಂದೇ ಸಮ ಬೆಚ್ಚಗಾಗುತ್ತದೆ. ಕೊಳ್ಳುವುದಾದರೆ ಇದೇ. ಅದೂ ಕೂಸಿಗೆ ನೀರೆರೆಯುವ ಮುಂಚೆ ಸ್ವಲ್ಪ ಹೊತ್ತು ಸಾಕು. ರಾತ್ರಿಯಿಡೀ ಹಚ್ಚಿದರೆ ಗಾಳಿ ಒಣಗಿ ಕೂಸಿನ ಮೂಗು ಗೊರಗೊರ ಅನ್ನುತ್ತಿತ್ತು.

ಅವ್ವ ಧಾರವಾಡದಿಂದ ಬಂದವಳೇ ಶೇಗಡಿ, ಅಂದರೆ ಇದ್ದಿಲಿನ ಒಲೆ, ಎಲ್ಲಿ ಅಂದಳು. ಕೆಂಡದ ಮೇಲೆ ಅಜವಾನ, ಬೆಳ್ಳುಳ್ಳಿ ಸಿಪ್ಪೆ ಹಾಕಿ ಬಾಣಂತಿಗೂ ಕೂಸಿಗೂ ಕಾಸಬೇಕು. ಪಕ್ಕದ ಮನೆಯ ಆಜಿಯೂ ಅವ್ವನ ಪಕ್ಷ. ಈ ವಿಷಯದಲ್ಲಿ ಮರಾಠಿ, ಕನ್ನಡ ಎರಡೂ ಒಂದೇ ನೋಡಿ! ಊರಿನ ಮನೆಗೆ ಬೆಳಕಿಂಡಿ ಇತ್ತು. ಕಿಟಕಿ ಮುಚ್ಚಿದ ಫ್ಲ್ಯಾಟಿನಲ್ಲಿ ಇದ್ದಿಲು ಉರಿದರೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿ ತುಂಬುತ್ತದೆ. ಅದಕ್ಕೆ ವಾಸನೆಯೂ ಇಲ್ಲ, ಗೊತ್ತೂ ಆಗುವುದಿಲ್ಲ. ಕೊನೆಗೆ ಶೇಗಡಿ ಬಾಲ್ಕನಿಗೆ ಹೋಯಿತು. ಅವ್ವ ಅಲ್ಲೇ ಕೂತು ಅಂಗೈ ಕಾಸಿಕೊಳ್ಳುವಳು, ಒಳಗೆ ಬಂದು ತನ್ನ ಗಲ್ಲಕ್ಕೆ ಮುಟ್ಟಿಸಿ ನೋಡಿ, ಆಮೇಲೆ ಕೂಸಿನ ಬೆನ್ನಿಗೆ ಎಣ್ಣೆ ತಿಕ್ಕುವಳು. ಇಷ್ಟಕ್ಕೆ ಶೇಗಡಿ ಚೆನ್ನ. ಬಿಸಿನೀರಿನ ಚೀಲವನ್ನಂತೂ ಹಾಸಿಗೆಗೇ ತರಬೇಡಿ, ಎಳೆ ಚರ್ಮ ಬೇಗ ಸುಡುತ್ತದೆ.

ಬಟ್ಟೆಯಲ್ಲಿ ನನ್ನ ಓಟು ಹತ್ತಿಗೆ. ತುಳಶೀಬಾಗಿನ ಪೇಟೆಯಲ್ಲಿ ತಂದ ಉಣ್ಣೆ ಸ್ವೆಟರ್ ಫೋಟೋಗೆ ಚಂದ, ಕೂಸಿಗೆ ಚುಚ್ಚುತ್ತದೆ. ಅದರ ಬದಲು ತೆಳ್ಳನೆಯ ಜಬಲಾ (ಕೂಸಿನ ಹತ್ತಿ ಅಂಗಿ) ಒಂದರ ಮೇಲೊಂದು. ನಾವು ಹಾಕಿದ್ದಕ್ಕಿಂತ ಒಂದು ಪದರ ಹೆಚ್ಚು. ಬಿಸಿಲೇರಿದ ಹಾಗೆ ಒಂದೊಂದೇ ತೆಗೆದರಾಯಿತು. ಕೌದಿ ಕೆಳಗೆ ಬಿಗಿಯಾಗಿ ಎಳೆದು ಹಾಸಲಿಕ್ಕೆ ಮಾತ್ರ. ಮೇಲೆ ಹೊದಿಸಿದರೆ ಮುಖದ ಮೇಲೆ ಸರಿದು ಉಸಿರು ಕಟ್ಟಬಹುದು. ಕುಂಚಿಗೆಯೂ ತೊಡೆಯ ಮೇಲಿದ್ದಾಗಲೇ, ಮಲಗಿಸುವಾಗ ಬೇಡ. ಅಂಗೈ, ಅಂಗಾಲು ತಣ್ಣಗಿವೆ ಎಂದು ಗಾಬರಿಯಾಗಬೇಡಿ, ಅವು ಹಾಗೇ. ಕತ್ತಿನ ಹಿಂದೆ ಬೆರಳಿಡಿ. ಬೆವರಿದ್ದರೆ ಒಂದು ಪದರ ಕಡಿಮೆ ಮಾಡಿ.

ಇವೆಲ್ಲಕ್ಕಿಂತ ಬೇಗ ಕೆಲಸ ಮಾಡಿದ್ದು ಪುಕ್ಕಟೆಯದು. ಕೂಸಿಗೆ ಟೋಪಿ, ಲಂಗೋಟಿ ಅಷ್ಟೇ ಬಿಟ್ಟು ಬರಿ ಎದೆಗೆ ಒರಗಿಸಿಕೊಂಡು ಮೇಲೆ ಶಾಲು ಸುತ್ತಿಕೊಳ್ಳುವುದು. 1978ರ ಸುಮಾರಿಗೆ ಕೊಲಂಬಿಯಾದ ಬೊಗೊಟಾದಲ್ಲಿ ಇನ್‌ಕ್ಯುಬೇಟರ್ ಸಾಲದೆ ಡಾಕ್ಟರುಗಳು ಶುರು ಮಾಡಿದ ಪದ್ಧತಿ ಇದು. ಅಪ್ಪನ ಎದೆಯೂ ನಡೆಯುತ್ತದೆ. ನಮ್ಮ ಮನೆಯವರು ಕ್ರಿಕೆಟ್ ನೋಡುತ್ತ ಎಷ್ಟೋ ಸಂಜೆ ಹೀಗೇ ಕೂತಿದ್ದಾರೆ. ಒಂದೇ ತೊಂದರೆ, ಆ ಹೊತ್ತಿಗೆ ನಾವು ನಿದ್ದೆ ಹೋಗುವ ಹಾಗಿಲ್ಲ. ಸೋಫಾದಲ್ಲಂತೂ ಕಣ್ಣು ಮುಚ್ಚಲೇಬಾರದು.

ಕಂಕುಳಲ್ಲಿಡುವ ಥರ್ಮಾಮೀಟರ್ ಒಂದು ಇರಲಿ. 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ಸರಿ. ಕಡಿಮೆ ಬಂದರೆ ಎದೆಗಪ್ಪಿಕೊಳ್ಳಿ. ಆದರೂ ಏರದಿದ್ದರೆ, ಅಥವಾ ಕೂಸು ಹಾಲು ಬಿಟ್ಟು ಮಂಕಾಗಿದ್ದರೆ, ಬೆಳಗಾಗಲಿ ಎಂದು ಕಾಯದೆ ಡಾಕ್ಟರ ಹತ್ತಿರ ಹೋಗಿ.